ಕೆಂಪು ಪಟ್ಟಿಯ ಸೌತೆಕಾಯಿ

ಬೆಳಿಗ್ಗೆ ಹತ್ತು ಗಂಟೆಗೆ ಹೊಲಿಗೆ ಯಂತ್ರದ ಮುಂದೆ ಕೂತು ಮೂರನೆಯ ಅಂಗಿಗೆ ಕಾಲರ್ ಹಚ್ಚುತ್ತಿದ್ದಾಗ ಪುಟ್ಟಿಗೆ ಥಟ್ಟನೆ ನೆನಪಾಯಿತು. ಗಂಡನಿಗೆ ಹೇಳುವುದನ್ನೇ ಮರೆತು ಬಂದಿದ್ದಳು!

ಪುಟ್ಟಿ ಎಂದರೆ ಎಳೆಯ ಹುಡುಗಿಯೇನಲ್ಲ, ನಲವತ್ತಾರು ದಾಟಿದ ಹೆಂಗಸು. ಕಿರಿಯವಳಾಗಿ ಹುಟ್ಟಿದ ತಪ್ಪಿಗೆ ಆ ಹೆಸರು ಅಂಟಿಕೊಂಡು, ಕನ್ನಡಕ ಬಂದರೂ ಬಿಟ್ಟುಹೋಗಿರಲಿಲ್ಲ. ಹೊಲಿಗೆ ಅಂಗಡಿಯ ಯಜಮಾನಿಯೂ ಹಾಗೇ ಕರೆಯುತ್ತಿದ್ದಳು.

ಹೇಳಬೇಕಾಗಿದ್ದದ್ದು ಒಂದೇ ಮಾತು. ಹಿತ್ತಲಲ್ಲಿ ಕೆಂಪು ಬಟ್ಟೆಯ ಪಟ್ಟಿ ಕಟ್ಟಿರುವ ಮೂರು ಸೌತೆಕಾಯಿಗಳನ್ನು ಮುಟ್ಟಬೇಡಿ, ಅವು ಬೀಜಕ್ಕೆ ಬಿಟ್ಟವು, ಬಳ್ಳಿಯಲ್ಲೇ ಹಳದಿಯಾಗಿ ಬಲಿಯಬೇಕು. ಅಂಗಡಿಯಲ್ಲಿ ಕೆಂಪು ಪಟ್ಟಿ ಸಿಕ್ಕಿಸಿದ ಬಟ್ಟೆ ಎಂದರೆ ಕೆಲಸ ಮುಗಿದಿಲ್ಲ, ಯಾರೂ ಎತ್ತಕೂಡದು ಎಂದು ಅರ್ಥ. ಇಪ್ಪತ್ತು ವರ್ಷ ಅದೇ ಗುರುತಿನ ನಡುವೆ ಬಾಳಿದವಳು, ಪಟ್ಟಿ ಕಟ್ಟಿದ್ದೀನಲ್ಲ, ಕಣ್ಣಿದ್ದವರಿಗೆ ಅಷ್ಟು ಸಾಲದೇ ಎಂದುಕೊಂಡಿದ್ದಳು. ಆದರೆ ಗಂಡನಿಗೆ ಇವತ್ತು ವಾರದ ರಜೆ. ಬಿಸಿಲು ಏರುವ ಮುಂಚೆ ತರಕಾರಿಯನ್ನೆಲ್ಲ ಕಿತ್ತು ಹಿತ್ತಲು ಚೊಕ್ಕ ಮಾಡ್ತೀನಿ ಎಂದು ಬೆಳಿಗ್ಗೆಯೇ ಪ್ಯಾಂಟು ಮಡಚಿ ನಿಂತಿದ್ದ. ಒಳ್ಳೆಯ ಮನುಷ್ಯ. ಅವನ ಒಳ್ಳೆಯತನಕ್ಕೇ ಪುಟ್ಟಿ ಹೆದರುತ್ತಿದ್ದದ್ದು.

ಫೋನ್ ಮಾಡಿದಳು. ರಿಂಗಾಯಿತು, ರಿಂಗಾಯಿತು, ಸುಮ್ಮನಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದು ಬಡಿದುಕೊಳ್ಳುತ್ತಿರಬೇಕು ಎಂದು ಶಪಿಸಿದಳು. ಐದು ಸಲ ಮಾಡಿದಳು. ಆರನೆಯ ಸಲಕ್ಕೆ ಯಜಮಾನಿ ಕೆಮ್ಮಿದಳು.

ಅದು ಅಂತಿಂಥ ಸೌತೆಕಾಯಿಯಲ್ಲ, ಅಮ್ಮನದು. ತೊಟ್ಟಿನಿಂದ ತುದಿಯವರೆಗೆ ಒಂದು ಹನಿ ಕಹಿ ಇಲ್ಲದ್ದು. ಅಮ್ಮ ತೀರಿಕೊಂಡ ಮೇಲೆ ಬೀಜದ ಡಬ್ಬಿ ಪುಟ್ಟಿಯ ಮನೆಗೆ ಬಂದಿತ್ತು. "ಎಲ್ಲಾ ನೀನೇ ಬಾಚ್ಕೋ" ಎಂದು ಅಕ್ಕ ಅವತ್ತು ಎದ್ದು ಹೋದವಳು ಮೂರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ ಅವಳ ಫೋನು: "ಅಮ್ಮನ ಸೌತೆ ಬೀಜ ಇದ್ರೆ ನಾಲ್ಕು ಕೊಡು." ಡಬ್ಬಿಯ ತಳದಲ್ಲಿದ್ದ ಕೊನೆಯ ಹತ್ತು ಬೀಜ ಈ ಬೇಸಿಗೆಗೆ ಮಣ್ಣು ಸೇರಿ, ಎರಡೇ ಎರಡು ಮೊಳೆತಿದ್ದವು. ಇನ್ನೂ ಬಲಿತಿಲ್ಲ, ಮೂರು ವಾರ ತಡೆ ಎಂದಿದ್ದಕ್ಕೆ ಅಕ್ಕ, "ಸುಳ್ಳು ಹೇಳ್ಬೇಡ, ಶನಿವಾರ ಸಂಜೆ ಬಂದು ಕಣ್ಣಾರೆ ನೋಡ್ತೀನಿ" ಎಂದಿದ್ದಳು. ಇವತ್ತೇ ಶನಿವಾರ.

ಕಾಲರ್ ತಿರುಗುಮುರುಗಾಗಿ ಹೊಲಿದುಹೋಯಿತು. ಬಿಚ್ಚಿದಳು. ಮತ್ತೆ ಹಾಗೇ ಹೊಲಿದಳು. "ಏನಾಗಿದೆ ನಿಂಗೆ? ಕೂತಲ್ಲಿ ಕೂರ್ತಿಲ್ಲ. ಮನೆಗೆ ಹೋಗು, ನನ್ನ ಬಟ್ಟೆ ಆದ್ರೂ ಉಳೀಲಿ" ಎಂದಳು ಯಜಮಾನಿ. ಪುಟ್ಟಿ ಎರಡನೆಯ ಮಾತಿಗೆ ಕಾಯದೆ ಎದ್ದಳು.

ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು ನಿಂತು ಹೋಯಿತು. ಚಾಲಕನ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ನುಗ್ಗಿದವಳು ಅಲ್ಲೇ ನಿಂತುಬಿಟ್ಟಳು. ಚಪ್ಪರದ ಕೋಲುಗಳು ಬೋಳಾಗಿದ್ದವು. ಬಳ್ಳಿಗಳು ಬೇರುಸಮೇತ ಮೂಲೆಯಲ್ಲಿ ರಾಶಿ ಬಿದ್ದು ಬಾಡುತ್ತಿದ್ದವು. ಗೋಡೆಯ ನೆರಳಲ್ಲಿ ಟೊಮೇಟೊ, ಬೀನ್ಸ್, ಮೆಣಸಿನಕಾಯಿ, ಕುಂಬಳಕಾಯಿ ಸಾಲಾಗಿ ಬುಟ್ಟಿಗಳಲ್ಲಿ ಕೂತಿದ್ದವು. ಅವುಗಳ ನಡುವೆ ಗಂಡ ಬೆವರು ಒರೆಸಿಕೊಳ್ಳುತ್ತ, ಶಭಾಷ್ ಎನ್ನಿಸಿಕೊಳ್ಳಲು ತಯಾರಾಗಿ ನಿಂತಿದ್ದ.

"ಕೆಂಪು ಪಟ್ಟಿ ಕಟ್ಟಿದ್ದವು ಎಲ್ರೀ?"

"ಅವಾ? ಮೊದ್ಲು ಅವನ್ನೇ ಕಳ್ಸಿಬಿಟ್ಟೆ. ನಮ್ಮಾಫೀಸಲ್ಲಿ ಕೆಂಪು ಪಟ್ಟಿ ಅಂದ್ರೆ ಮೊದಲ ಗಾಡಿಗೆ ಹೋಗ್ಬೇಕು, ತಡ ಆಗ್ಬಾರ್ದು ಅಂತ." ಅವನು ಪಾರ್ಸೆಲ್ ಆಫೀಸಿನ ಗುಮಾಸ್ತ, ಪಟ್ಟಿಯ ವಿಷಯದಲ್ಲಿ ಒಂದು ದಿನವೂ ತಪ್ಪಿದವನಲ್ಲ. "ಒಂದು ಎದುರುಮನೆ ಮೇಷ್ಟ್ರಿಗೆ, ಒಂದು ನರ್ಸಮ್ಮಂಗೆ. ದೊಡ್ಡದು ನಿಮ್ಮಕ್ಕಂಗೆ. ಒಂಬತ್ತರ ಗಾಡಿಗೇ ಹಾಕ್ದೆ, ಹತ್ತೂವರೆಗೆಲ್ಲ ಅವರ ಮನೆ ಬಾಗಿಲಲ್ಲಿ!"

ಪುಟ್ಟಿಗೆ ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಬೀಜದ ಮಾತು ಕಿವಿಗೆ ಬಿದ್ದದ್ದೇ ತಡ ಅವನ ಮುಖ ಸಪ್ಪಗಾಯಿತು. "ಒಂದ್ಮಾತು ಹೇಳ್ಬಾರ್ದಾಗಿತ್ತೇನೇ?" ಎಂದ. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು, ಏಕೆಂದರೆ ಅದು ನಿಜವಾಗಿತ್ತು.

ಚಪ್ಪಲಿ ಬದಲಿಸುವಷ್ಟೂ ವ್ಯವಧಾನವಿಲ್ಲದೆ ರಸ್ತೆ ದಾಟಿದಳು. ಮೇಷ್ಟ್ರ ಹೆಂಡತಿ ಆಗಲೇ ಸೌತೆಕಾಯಿ ತುರಿದು ಬಟ್ಟಲಿಗೆ ಹಾಕಿದ್ದಳು. "ಎಂಥಾ ರುಚಿ ರೀ!" ಎಂದು ಬಾಯಿ ತುಂಬ ಹೊಗಳಿದಳು. ನರ್ಸಮ್ಮನ ಮನೆಯಲ್ಲಿ ಅರ್ಧ ಉಳಿದಿತ್ತು. ಪುಟ್ಟಿ ಬೀಜವೊಂದನ್ನು ಉಗುರಿನಿಂದ ಒತ್ತಿ ನೋಡಿದಳು. ಪಿಚಕ್ಕೆಂದು ನೀರಾಯಿತು, ಒಳಗೆ ತಿರುಳೇ ಕೂತಿರಲಿಲ್ಲ.

ಇನ್ನು ಉಳಿದದ್ದು ಅಕ್ಕನ ಮನೆ ಸೇರಿದ ದೊಡ್ಡ ಕಾಯಿ. ಅದು ಎಲ್ಲಕ್ಕಿಂತ ಮೊದಲು ಬಿಟ್ಟದ್ದು, ಬುಡದಲ್ಲಿ ಹಳದಿ ತಿರುಗಲು ಶುರುವಾಗಿತ್ತು. ಕತ್ತರಿಸದೆ ನೆರಳಲ್ಲಿಟ್ಟರೆ ಇಟ್ಟಲ್ಲೇ ಬಲಿತರೂ ಬಲಿತೀತು. ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಆಮೇಲೆ ಸಂಜೆಯವರೆಗೆ ಪುಟ್ಟಿ ಬಾಗಿಲಿಗೂ ಹಿತ್ತಲಿಗೂ ಅದೆಷ್ಟು ಸಲ ತಿರುಗಿದಳೋ. ಬೀನ್ಸಿನ ನಾರು ತೆಗೆಯಲು ಕೂತಳು, ಎದ್ದಳು. ಟೊಮೇಟೊ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಗಂಡ ಅವಳ ಕಣ್ಣಿಗೆ ಬೀಳದಂತೆ ಕೋಣೆಯಿಂದ ಕೋಣೆಗೆ ಜಾರುತ್ತಿದ್ದ.

ಐದೂವರೆಗೆ ಅಕ್ಕ ಓಣಿಯಿಂದ ನೇರ ಹಿತ್ತಲಿಗೇ ಬಂದಳು. ಮೂರು ವರ್ಷಕ್ಕೆ ಕೂದಲು ಪೂರ್ತಿ ನರೆತಿತ್ತು. ಮೂಗು ಮಾತ್ರ ಥೇಟ್ ಅಮ್ಮನದೇ.

"ಅಕ್ಕ, ಬೆಳಿಗ್ಗೆ ಬಂದ ಕಾಯಿ..." ಪುಟ್ಟಿ ಬಾ, ಕೂತ್ಕೋ ಎನ್ನುವುದನ್ನೂ ಮರೆತಿದ್ದಳು.

"ಬಂತು. ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ತಗೊಂಡು ಸುಮ್ನಿರು, ಮನೆಗೆ ಬರ್ಬೇಡ ಅಂತ ಕಳ್ಸಿದೀಯ ಅಂದ್ಕೊಂಡೆ. ಉರಿದುಹೋಯ್ತು ನಂಗೆ. ಕಚಕಚ ಹೆಚ್ಚಿ, ನಿಂತಲ್ಲೇ ತಿಂದೆ."

"ಅಷ್ಟೂನಾ?"

"ಸಿಪ್ಪೆ ಸಮೇತ. ಮೊದಲ್ನೇ ತುಂಡಿಗೇ ಅಳು ಬಂತು ಕಣೇ. ಅಮ್ಮ ಕೈಲಿ ಕೊಡ್ತಿದ್ಲಲ್ಲ, ಅದೇ ರುಚಿ. ಒಂದು ಚೂರೂ ಬಿಡ್ಲಿಲ್ಲ."

ಪುಟ್ಟಿ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ನಡೆದದ್ದನ್ನೆಲ್ಲ ಹೇಳಿದಳು, ತನ್ನ ಪಟ್ಟಿ, ಅವನ ಪಟ್ಟಿ, ಹತ್ತು ಬೀಜ, ಎರಡು ಬಳ್ಳಿ. "ಅದೇ ಕೊನೇದು ಅಕ್ಕ. ಇನ್ನು ಅಮ್ಮನ ಸೌತೆ ಇಲ್ಲ. ನಾನೇ ಬಾಚ್ಕೊಂಡೆ ಅಂತ ನೀನು ಅಂದಿದ್ದು ಸರೀನೇ, ಬಾಚ್ಕೊಂಡು ಹಾಳೂ ಮಾಡ್ದೆ."

ಅಕ್ಕ ಅವಳ ಪಕ್ಕದಲ್ಲಿ ಮಂಡಿ ಹಿಡಿದುಕೊಂಡು ಮೆಲ್ಲನೆ ಕೂತಳು. ಬೋಳಾದ ಚಪ್ಪರದ ಕಡೆ ನೋಡಿದಳು. ಬೈಯುತ್ತಾಳೆ ಎಂದು ಪುಟ್ಟಿ ಕಾದಳು.

"ನಮ್ಮನೇಲಿ ಎಲ್ಲಿದೆಯೇ ಹಿತ್ತಲು? ನಾಲ್ಕನೇ ಮಹಡಿ. ಕುಂಡ ಇಡೋಕೂ ಜಾಗ ಇಲ್ಲ," ಎಂದಳು ಅಕ್ಕ. "ಬೀಜ ಅಂತ ಹೇಳ್ಕೊಂಡು ವರ್ಷಕ್ಕೊಂದ್ಸಲ ಆದ್ರೂ ಬರ್ಬಹುದು ಅಂದ್ಕೊಂಡಿದ್ದೆ. ಈಗ ಅದೂ ಹೋಯ್ತು. ಇನ್ನು ಏನಂತ ಹೇಳ್ಕೊಂಡು ಬರ್ಲಿ ನಿನ್ನ ಮನೆಗೆ?"

ಪುಟ್ಟಿ ಅಕ್ಕನ ಕೈಚೀಲವನ್ನು ಎಳೆದುಕೊಂಡು ತನ್ನ ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಳು.

"ಬೈಯೋಕೆ ಬಂದೆ ಅನ್ನು," ಎಂದಳು. "ಮೂರು ವರ್ಷದ್ದು ಬಾಕಿ ಇದೆ. ಒಂದೇ ದಿನಕ್ಕೆ ಮುಗಿಯಲ್ಲ."