ಬೈಲಪ್ಪನ ಎಡಗಡೆ

ನ್ಯಾಮತಿಯ ಉಚ್ಚಂಗೆಮ್ಮನಿಗೆ ಮದುವೆಯಾಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಇಷ್ಟು ವರ್ಷಗಳಲ್ಲಿ ಗಂಡ ಅವಳನ್ನು ಊರು ತೋರಿಸಲೆಂದು ಒಂದು ದಿನವೂ ಎಲ್ಲಿಗೂ ಕರೆದೊಯ್ದವನಲ್ಲ. ಬೈಲಪ್ಪ ಬಸ್ ಡ್ರೈವರ್. ನಾಗೇಂದ್ರಪ್ಪ ಎಂಬ ಸಾಹುಕಾರರ ಬಸ್ಸನ್ನು ನ್ಯಾಮತಿಯಿಂದ ಹೊನ್ನಾಳಿ ಮೇಲೆ ಚನ್ನಗಿರಿಗೆ ದಿನಕ್ಕೆ ಎರಡು ಸಲ ಓಡಿಸುತ್ತಿದ್ದ. "ದಿನಾ ಊರೂರು ಸುತ್ತೋನಿಗೆ ಇನ್ನೆಂಥ ಊರು ನೋಡೋದೈತೆ?" ಎಂದು ಮಾತು ಮುಗಿಸಿಬಿಡುತ್ತಿದ್ದ. ಜಗಳೂರು ಕಡೆಯ ಸೊಕ್ಕೆಯಲ್ಲಿದ್ದ ತವರಿಗೂ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು.

ಹಾಗಾಗಿ ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ, ಮಿರಜಿನ ಆಸ್ಪತ್ರೆಯಿಂದ ಹೊರಗೆ ಬಂದವನು "ಹೆಂಗೂ ಇಷ್ಟು ದೂರ ಬಂದೀವಿ, ಬಿಜಾಪುರ ನೋಡ್ಕಂಡೇ ಹೋಗಾಣ" ಎಂದಾಗ ಅವಳಿಗೆ ಸಂತೋಷವಾಗಲಿಲ್ಲ. ಒಳಗೆಲ್ಲೋ ಅಳುಕು ಎದ್ದಿತು.

ನಾಲ್ಕೈದು ತಿಂಗಳಿಂದ ಅವನಿಗೆ ತಲೆನೋವು. ದೀಪ ನೋಡಿದರೆ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನುತ್ತಿದ್ದ. ಶಿವಮೊಗ್ಗದ ಡಾಕ್ಟರು ಮಿರಜಿಗೆ ಬರೆದುಕೊಟ್ಟಿದ್ದರು. ಅಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಇಡೀ ದಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದು, ಸಂಜೆಗೆ ಒಂದು ಸಣ್ಣ ಬಾಟಲಿ ಹಿಡಿದುಕೊಂಡು ಬಂದಿದ್ದ.

"ಏನಂದ್ರು?" ಎಂದು ಕೇಳಿದ್ದಳು.

"ಏನಿಲ್ಲ. ಕಣ್ಣಿಗೆ ಬಿಟ್ಕಳಾಕೆ ಔಷಧಿ. ಚಷ್ಮಾ ಹಾಕಬೇಕಂತೆ," ಎಂದಿದ್ದ, ಬಾಟಲಿಯನ್ನೇ ನೋಡುತ್ತ.

ಬಿಜಾಪುರದಲ್ಲಿ ಅವನು ನಡೆದುಕೊಂಡ ರೀತಿಯಂತೂ ಅವಳ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿತು. ಎಲ್ಲರಂತೆ ಕಾಲ್ನಡಿಗೆಯಲ್ಲಿ ಸುತ್ತಿ ಬರುವ ಮಾತಿಲ್ಲ. ತಮ್ಮಿಬ್ಬರಿಗೇ ಅಂತ ಇಡೀ ದಿನಕ್ಕೆ ಒಂದು ಟಾಂಗಾ, ಒಬ್ಬ ಗೈಡು! ಲಾಡ್ಲೇಸಾಬ ಎಂಬ ಆ ಗೈಡು ಅರವತ್ತು ದಾಟಿದ ಎತ್ತರದ ಆಳು. ಬಣ್ಣ ಮಾಸಿದ ಕರಿ ಕೋಟು, ತಲೆಯ ಮೇಲೆ ಬಿಳಿ ಟೋಪಿ. "ಹೊತ್ತು ಹುಟ್ಟೂದರಾಗ ಗೋಳಗುಮ್ಮಟಕ್ಕ ಹೋಗೂಣ್ರಿ. ಆಮ್ಯಾಲೆ ಸಾಲಿ ಹುಡುಗ್ರು ಬಂದು ಗದ್ದಲ ಎಬ್ಬಸ್ತಾವ," ಎಂದು ಲಾಡ್ಜಿನ ಬಾಗಿಲಿಗೇ ಬಂದು ನಿಂತಿದ್ದರು. ಟಾಂಗಾದಲ್ಲಿ ಕುಳಿತ ಬೈಲಪ್ಪ, "ಎಲ್ಲಾ ನಿಧಾನಕ್ಕೆ ತೋರಿಸ್ರಿ ಸಾಬ್ರೆ. ಇವಳು ಏನೂ ನೋಡಿಲ್ಲ," ಎಂದ. ಆ ಮಾತು ಕೇಳಿ ಉಚ್ಚಂಗೆಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಸಾಯುವವರು ಹೀಗೆ ಮಾತಾಡುತ್ತಾರೆ ಎನ್ನಿಸಿತು.

ಗುಮ್ಮಟದ ಮೂಲೆಯ ಗೋಪುರದೊಳಗೆ ಏಳು ಅಂತಸ್ತಿನ ಮೆಟ್ಟಿಲು. ಇಕ್ಕಟ್ಟು, ಕತ್ತಲೆ, ಎತ್ತರೆತ್ತರದ ಕಲ್ಲು. ಲಾಡ್ಲೇಸಾಬರು ಮುಂದೆ, ಬೈಲಪ್ಪ ನಡುವೆ, ಅವಳು ಹಿಂದೆ. ಅವಳು ಗಂಡನ ಪಾದಗಳನ್ನು ಇಷ್ಟು ಹತ್ತಿರದಿಂದ ಹೀಗೆ ಎಂದೂ ನೋಡಿರಲಿಲ್ಲ. ಪ್ರತಿ ಮೆಟ್ಟಿಲನ್ನೂ ಅವನು ಬೆರಳ ತುದಿಯಿಂದ ಸವರಿ, ಇದೆ ಎಂದು ಖಾತ್ರಿಯಾದ ಮೇಲೇ ಕಾಲೂರುತ್ತಿದ್ದ. ಅಂಗೈ ಗೋಡೆ ಬಿಡುತ್ತಿರಲಿಲ್ಲ. ನಾಲ್ಕನೆಯ ಅಂತಸ್ತಿನ ತಿರುವಿನಲ್ಲಿ ಗೈಡು ಬಲಕ್ಕೆ ಹೊರಳಿದರೆ ಬೈಲಪ್ಪ ನೇರವಾಗಿ ಹೋಗಿ ಗೋಡೆಗೆ ಹಣೆ ಬಡಿಸಿಕೊಂಡ.

"ಅಯ್ಯೋ, ನೋಡ್ಕಂಡು ನಡೀರಿ!"

"ಕತ್ತಲೆ ಐತೆ ಕಣೇ," ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಆ ತಿರುವಿನಲ್ಲಿ ಕಿಂಡಿಯಿಂದ ಬೆಳಕು ಚೆನ್ನಾಗಿಯೇ ಬಿದ್ದಿತ್ತು. ಲಾಡ್ಲೇಸಾಬರೂ ಒಂದು ಗಳಿಗೆ ನಿಂತು ಅವನನ್ನು ನೋಡಿದರು.

ಮೇಲೆ, ಗುಮ್ಮಟದ ಒಳಗೆ ಸುತ್ತಲೂ ಹಬ್ಬಿದ ಮೊಗಸಾಲೆ. ಕಟ್ಟೆಯಾಚೆ ಬಗ್ಗಿ ನೋಡಿದರೆ ಕೆಳಗೆ ಗೋರಿಗಳು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಂಡವು. ಬೇರೆ ಯಾರೂ ಇರಲಿಲ್ಲ. ಲಾಡ್ಲೇಸಾಬರು ಬೈಲಪ್ಪನನ್ನು ಒಂದು ಕಡೆ ಗೋಡೆಗೆ ಒರಗಿಸಿ ಕೂರಿಸಿ, "ದಮ್ಮ ಹತ್ತೇತಿ, ಆರಾಮ ಕೂಡ್ರಿ," ಎಂದರು. ಆಮೇಲೆ ಅವಳ ಜೊತೆ ಹತ್ತು ಹೆಜ್ಜೆ ನಡೆದು ಬಂದು ಮೆಲ್ಲಗೆ ಹೇಳಿದರು: "ಯವ್ವಾ, ಹಿಂಗ ಸುತ್ತು ಹಾಕಿ ಎದುರಿಗೆ ಹೋಗ್ರಿ. ಗ್ವಾಡಿಗೆ ಕಿವಿ ಹಚ್ಚಿ ನಿಂದರ್ರಿ. ಏನು ಕೇಳಿದರೂ ಮಾತಾಡಬ್ಯಾಡ್ರಿ."

ಅವಳು ಗೋಡೆ ಹಿಡಿದುಕೊಂಡೇ ನಡೆದು ಆಚೆ ಬದಿ ಸೇರಿದಳು. ಅಲ್ಲಿಂದ ಗಂಡ ಗೊಂಬೆಯಂತೆ ಕಾಣುತ್ತಿದ್ದ. ತಣ್ಣನೆಯ ಗಾರೆಗೆ ಕಿವಿಯಿಟ್ಟಳು. ಕೂಡಲೇ, ಆಚೆ ಗಂಡನ ಬಳಿಗೆ ಮರಳಿದ್ದ ಲಾಡ್ಲೇಸಾಬರ ದನಿ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು.

"ಯಜಮಾನ್ರ, ಕಣ್ಣು ಹಿಂಗಾಗಿ ಎಷ್ಟು ದಿವಸಾತ್ರಿ?"

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿತು. ಅದು ಗಂಡನ ಉಸಿರು.

"ನಿಮಗೆ ಹೆಂಗೆ ಗೊತ್ತಾತು?"

"ಮೂವತ್ತು ವರ್ಷಾತು, ಮಂದೀನ ಈ ಮೆಟ್ಲ ಹತ್ತಿಸಾಕ ಹತ್ತಿ. ಕಣ್ಣಿದ್ದಾವ್ರು ಕಾಲಿಲೆ ಹಾದಿ ಹುಡುಕೂದಿಲ್ರಿ."

"ಎಡಗಡೆ ಏನೂ ಕಾಣ್ಸಲ್ಲ ಸಾಬ್ರೆ. ಬಲಗಡೆನೂ ಮುಚ್ಕಂಡು ಬರ್ತೈತೆ. ಎದುರಿಗಿರೋದು ಮಾತ್ರ ಕಾಣ್ತೈತೆ, ಕೊಳವೆಯಾಗೆ ನೋಡಿದಂಗೆ. ಹೋಗಿದ್ದು ಇನ್ನು ಬರಲ್ವಂತೆ. ಇರೋದು ಎಷ್ಟು ದಿನ ಇರ್ತೈತೋ ಡಾಕ್ಟ್ರಿಗೂ ಗೊತ್ತಿಲ್ಲ. ಅದಕ್ಕೇ ಇವಳನ್ನ ಒಂದು ಊರಿಗಾದ್ರೂ ಕರ್ಕಂಡು ಹೋಗಾಣ ಅಂತ..."

"ಏನು ಕೆಲಸ ಮಾಡ್ತೀರಿ?"

"ಡ್ರೈವರ್. ಬಸ್ಸು ಹೊಡೀತೀನಿ."

"ಯಾ ಅಲ್ಲಾ!"

"ಬಿಡು ಅಂದಾರೆ ಡಾಕ್ಟ್ರು. ಬಿಟ್ಟು ಏನು ಮಾಡ್ಲಿ? ಮಗಳು ಹತ್ತನೇ ಕ್ಲಾಸು. ಇನ್ನೊಂದು ವರ್ಷ ಹೆಂಗೋ ಹೊಡೀತೀನಿ. ಆ ಹಾದಿ ನಂಗೆ ನಿದ್ದೆಯಾಗೂ ಗೊತ್ತು. ಇವಳಿಗೆ ಹೇಳ್ಬ್ಯಾಡ್ರಿ."

ಉಚ್ಚಂಗೆಮ್ಮ ಗೋಡೆಯಿಂದ ಕಿವಿ ತೆಗೆದಳು. ಗಂಡನಿಗೆ ಕುರುಡು ಬರುತ್ತದೆ ಎನ್ನುವುದು ಅವಳ ಮನಸ್ಸಿಗೆ ಇನ್ನೂ ಪೂರ್ತಿ ಇಳಿದೇ ಇರಲಿಲ್ಲ. ಮೊದಲು ಕಣ್ಣಿಗೆ ಕಟ್ಟಿದ್ದು ಹೊನ್ನಾಳಿಯ ಸೇತುವೆ. ಅದರ ಎಡಗಡೆ ಅಂಚಿನಲ್ಲಿ ತಲೆ ಮೇಲೆ ಪುಟ್ಟಿ ಹೊತ್ತು ಸಾಲಾಗಿ ನಡೆಯುವ ಹೆಂಗಸರು. ಆ ಬಸ್ಸಿನಲ್ಲಿ ತಾನೂ ಎಷ್ಟು ಸಲ ಕೂತಿದ್ದಳು! ಹೋದ ವಾರ ತಂಗಿ ಚೌಡಕ್ಕ ಕೂಸು ಕಟ್ಟಿಕೊಂಡು ಅದೇ ಬಸ್ಸಿನಲ್ಲಿ ಬಂದಿದ್ದಳು.

"ಉಚ್ಚಂಗೀ, ಕೇಳ್ತೈತೇನೆ?" ಆಚೆಯಿಂದ ಬೈಲಪ್ಪ ಹುಡುಗನಂತೆ ಕೂಗಿದ. ಗುಮ್ಮಟ ಅವಳ ಹೆಸರನ್ನು ಮತ್ತೆ ಮತ್ತೆ ಹೇಳಿತು. ಅವಳು ಕೈ ಎತ್ತಿ ಬೀಸಿದಳು. ಅವನಿಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ.

ಇಳಿಯುವಾಗ ಅವಳೇ ಅವನ ಮುಂದೆ ಇಳಿದಳು. ಅವನು ಬಿದ್ದರೆ ತನ್ನ ಮೇಲೆ ಬೀಳಲಿ ಎಂದು. ಕೆಳಗೆ ಬಂದಾಗ ಲಾಡ್ಲೇಸಾಬರು ಅವಳ ಮುಖ ನೋಡಿ ಕಣ್ಣು ತಗ್ಗಿಸಿದರು. ತನಗೆ ಕೇಳಲೆಂದೇ ಅವರು ಆ ಜಾಗದಲ್ಲಿ ಆ ಪ್ರಶ್ನೆ ಎತ್ತಿದ್ದರು ಎಂದು ಅವಳಿಗೆ ಆಗ ಅರ್ಥವಾಯಿತು.

ಮುಂದಿನದನ್ನೆಲ್ಲ ಅವಳು ನೋಡಿದಳು ಎಂದು ಹೇಳುವಂತಿಲ್ಲ. ಲಾಡ್ಲೇಸಾಬರು ದೊಡ್ಡ ಫಿರಂಗಿ ತೋರಿಸಿದರು, ಮುಗಿಯದೆ ನಿಂತ ಕಮಾನುಗಳನ್ನು ತೋರಿಸಿದರು, ಯಾವ ಬಾದಷಹ ಯಾವಾಗ ಏನು ಕಟ್ಟಿಸಿದ ಎಂದು ಹೇಳುತ್ತಲೇ ಇದ್ದರು. ಅವಳ ಕಣ್ಣು ಮಾತ್ರ ಗಂಡನ ಮೇಲಿತ್ತು. ಟಾಂಗಾದಲ್ಲಿ ಅವನ ಎಡಗಡೆ ಕುಳಿತು, ಸೆರಗು ಸರಿಪಡಿಸಿಕೊಳ್ಳುವವಳಂತೆ ಕೈಯನ್ನು ಅವನ ಕೆನ್ನೆಯ ಹತ್ತಿರ ತಂದಳು. ಅವನು ರೆಪ್ಪೆ ಮಿಟುಕಿಸಲಿಲ್ಲ. ಬೆರಳು ಆಡಿಸಿದಳು. ಇಲ್ಲ. ಇನ್ನೂ ಮುಂದಕ್ಕೆ, ಮೂಗಿನ ನೇರಕ್ಕೆ ಬಂದಾಗ ಬೆಚ್ಚಿಬಿದ್ದು, "ಏನೇ ಅದು?" ಎಂದ.

"ನೊಣ," ಎಂದಳು.

ಉಪ್ಲಿ ಬುರುಜು ಎಂಬ ಎತ್ತರದ ಕಾವಲುಗೋಪುರದ ಹತ್ತಿರ ಅವಳ ಜೀವ ಬಾಯಿಗೆ ಬಂತು. ಅದರ ಮೆಟ್ಟಿಲು ಬುರುಜಿನ ಹೊರಮೈಗೆ ಸುತ್ತಿಕೊಂಡು ಏರುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು. "ಬ್ಯಾಡ್ರೀ, ಸಾಕು," ಎಂದಳು. "ಬಂದಿರೋದೇ ನೋಡಾಕೆ," ಎಂದು ಅವನು ಹತ್ತಿಯೇಬಿಟ್ಟ. ಅವಳು ಓಡಿಹೋಗಿ ಬಯಲ ಕಡೆಗೆ ಸೇರಿಕೊಂಡು, ಅವನ ರಟ್ಟೆ ಹಿಡಿದು, ತನ್ನ ಪಕ್ಕದ ಪಾತಾಳವನ್ನು ನೋಡದೆ, ತನ್ನ ಹೆಸರಿನ ದೇವಿಯನ್ನು ಕರೆದು ಉಚ್ಚಂಗೆವ್ವಾ ತಾಯೇ ಎನ್ನುತ್ತ ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲೆ ನಿಂತು ಅವನು ಊರನ್ನೆಲ್ಲ ತಲೆ ತಿರುಗಿಸಿ ತಿರುಗಿಸಿ ನೋಡಿದ, ದೊಡ್ಡ ರೊಟ್ಟಿಯನ್ನು ಚೂರು ಚೂರಾಗಿ ಮುರಿದು ತಿನ್ನುವವನಂತೆ.

ಇಬ್ರಾಹಿಂ ರೋಜಾ ಎಂಬ ಗೋರಿಯ ಅಂಗಳದ ಹುಲ್ಲಿನ ಮೇಲೆ ಕೂತು, ಕಟ್ಟಿಸಿಕೊಂಡು ತಂದಿದ್ದ ಬುತ್ತಿ ಬಿಚ್ಚಿದರು. ಲಾಡ್ಲೇಸಾಬರು ನಮಾಜಿಗೆಂದು ಎದ್ದುಹೋದರು. ಆಗ ಅವಳು ಕೇಳಿದಳು.

"ಎಡಗಡೆ ಎಷ್ಟು ದಿನದಿಂದ ಕಾಣ್ಸಲ್ಲ ನಿಮಗೆ?"

ಅವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಸಾಬ ಹೇಳಿದ್ನಾ?"

"ನೀವೇ ಹೇಳಿದ್ರಿ. ನಾನು ಗ್ವಾಡೆಗೆ ಕಿವಿ ಇಟ್ಕಂಡು ನಿಂತಿದ್ದೆ."

ಬೈಲಪ್ಪನಿಗೆ ಮೊದಲು ಸಿಟ್ಟು ಬಂತು. ಗೈಡನ್ನು ಬೈದ, ಅವಳನ್ನೂ ಬೈದ. ಆಮೇಲೆ ಸಿಟ್ಟು ತಾನಾಗಿ ಇಳಿದುಹೋಯಿತು. ಎಲೆಯನ್ನು ಪಕ್ಕಕ್ಕೆ ಸರಿಸಿ, ಯಾರಿಗೂ ಹೇಳದಿದ್ದನ್ನು ಹೇಳಿದ. ಸಂಕ್ರಾಂತಿ ಹಿಂದೆಮುಂದೆ, ಹೊನ್ನಾಳಿ ಸೇತುವೆ ದಾಟಿದ ಮೇಲೆ, ಬಸ್ಸಿನ ಎಡಮೈಗೆ ಏನೋ ಸವರಿದ ಸದ್ದಾಯಿತು. ಮರದ ಕೊಂಬೆ ಇರಬೇಕು ಎಂದುಕೊಂಡ. ಚನ್ನಗಿರಿಯಲ್ಲಿ ಇಳಿದು ನೋಡಿದರೆ ಬಾಗಿಲ ಹಿಡಿಕೆಗೆ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಅಷ್ಟೇ ಅಲ್ಲ, ಅದರ ಜೊತೆ ಹೊರೆ ಕಟ್ಟಿದ್ದ ಸೀರೆಯ ಹರಕು. ವಾಪಸ್ ಬರುವಾಗ ಆ ಜಾಗದಲ್ಲಿ ಗಾಡಿ ನಿಧಾನ ಮಾಡಿದ. ಯಾರೂ ಇರಲಿಲ್ಲ, ರಕ್ತವೂ ಇರಲಿಲ್ಲ. "ಅವಳು ಯಾರೋ, ಏನಾದ್ಲೋ. ಕೇಳಾಕೆ ಧೈರ್ಯ ಬರಲಿಲ್ಲ. ಅವತ್ತಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು."

"ಇಷ್ಟು ಗೊತ್ತಿದ್ದೂ ಮತ್ತೆ ಗಾಡಿ ಹತ್ತಿದ್ರಾ?"

"ಹತ್ತದೆ? ಸ್ಟೇರಿಂಗ್ ಬಿಟ್ರೆ ಬೇರೆ ಏನು ಗೊತ್ತೈತೆ ನಂಗೆ?"

"ಸಾಹುಕಾರರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನೀನೇನಾದ್ರೂ ಹೇಳಿದ್ರೆ ನಿನ್ನ ಮುಖ ನೋಡಲ್ಲ ನಾನು," ಎಂದುಬಿಟ್ಟ.

ಅಂದ ಮೇಲೆ ಅವನಿಗೂ ಆ ಮಾತಿನ ಅರ್ಥ ತಟ್ಟಿತು. ಲಾಡ್ಲೇಸಾಬರು ಬಂದು, "ಏಳ್ರಿ, ಇನ್ನೂ ಒಂದು ಬಾವಿ ಐತಿ," ಎಂದಾಗ ಬೈಲಪ್ಪ ತಲೆಯಾಡಿಸಿ, "ಸಾಕು ಸಾಬ್ರೆ," ಎಂದ. ಸ್ಟೇಷನ್ನಿನಲ್ಲಿ ಬೀಳ್ಕೊಡುವಾಗ ಆ ಮುದುಕ ಅವಳಿಗೆ ಕೈಮುಗಿದು, "ನನ್ನ ತಪ್ಪು ತಿಳಕೋಬ್ಯಾಡ್ರಿ ಯವ್ವಾ," ಎಂದಷ್ಟೇ ಹೇಳಿದರು. ಅವಳೂ ಕೈಮುಗಿದಳು. ಊರು ಮುಟ್ಟುವವರೆಗೂ ಗಂಡಹೆಂಡತಿ ಒಂದು ಮಾತೂ ಆಡಲಿಲ್ಲ.

ನ್ಯಾಮತಿಗೆ ಬಂದ ಮರುದಿನವೇ ಅವನ ಡ್ಯೂಟಿ. ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಳ್ಳುತ್ತ, ಅವಳ ಕಡೆ ತಿರುಗದೆ, "ಇದೊಂದು ಟ್ರಿಪ್ಪು. ಬಂದು ನಾನೇ ಹೇಳ್ತೀನಿ," ಎಂದ. ಅವಳಿಗೆ ನಂಬಿಕೆ ಬರಲಿಲ್ಲ. ಸಾಹುಕಾರರ ಮನೆಗೆ ಓಡಬೇಕೆನ್ನಿಸಿತು. ಆದರೆ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಮಗಳಿಗೆ ಬಾಗಿಲು ಹಾಕಿಕೊಳ್ಳಲು ಹೇಳಿ ಅವನ ಹಿಂದೆಯೇ ಸ್ಟ್ಯಾಂಡಿಗೆ ನಡೆದಳು, ಬಸ್ಸು ಹತ್ತಿ ಅವನ ಸೀಟಿನ ಹಿಂದೆಯೇ ಕುಳಿತಳು.

"ಅಕ್ಕಾ, ನೀವೆಲ್ಲಿಗೆ?" ಎಂದ ಕಂಡಕ್ಟರ್ ಬೋರಣ್ಣ.

"ಅವರು ಹೋಗೋ ಕಡೆಗೆ," ಎಂದಳು.

ಬಸ್ಸು ತುಂಬಿತು. ಕಚೇರಿಗೆ ಹೋಗುವವರು, ಹೊನ್ನಾಳಿ ಕಾಲೇಜಿನ ಹುಡುಗಿಯರು, ಬಾಣಂತಿಯನ್ನು ಕರೆದುಕೊಂಡು ಹೊರಟ ಒಂದು ಸಂಸಾರ. ಒಬ್ಬೊಬ್ಬರು ಹತ್ತಿದಾಗಲೂ, ಎದ್ದು ಕೂಗಿಬಿಡಲೇ ಎಂದುಕೊಂಡಳು. ಗಂಡನ ಕುತ್ತಿಗೆಯ ಹಿಂಭಾಗ ಬೆವರಿತ್ತು. ಬೋರಣ್ಣ ಸೀಟಿ ಊದಿದ, "ರೈಟ್, ಹೋಗ್ಲಿ!" ಎಂದ. ಇಂಜಿನ್ ಗುಡುಗಿತು. ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಸ್ಸು ಅಲುಗಲಿಲ್ಲ.

"ಹೋಗ್ಲಿ ಬೈಲಣ್ಣಾ!" ಎಂದು ಬೋರಣ್ಣ ಮತ್ತೆ ಕೂಗಿದ.

ಬೈಲಪ್ಪ ಸ್ಟೇರಿಂಗ್ ಹಿಡಿದು ನೆಟ್ಟಗೆ ಕುಳಿತಿದ್ದ. ಹಿಂದಕ್ಕೆ ತಿರುಗದೆ, ಅವಳೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದ: "ಎಡಗಡೆ ಯಾರಾದ್ರೂ ಅದಾರೇನೆ?"

ಅವಳು ಎದ್ದು ಎಡಗಡೆಯ ಕಿಟಕಿಯಿಂದ ಬಗ್ಗಿ ನೋಡಿದಳು. ಮುಂದಿನ ಎಡಚಕ್ರದ ಪಕ್ಕದಲ್ಲೇ ಒಬ್ಬ ಹೆಂಗಸು ಚೆಲ್ಲಿಹೋದ ಬದನೆಕಾಯಿಯನ್ನು ಪುಟ್ಟಿಗೆ ಆರಿಸಿಕೊಳ್ಳುತ್ತ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ಅದಾರೆ," ಎಂದಳು ಉಚ್ಚಂಗೆಮ್ಮ. "ಚಕ್ರದ ಹತ್ರಾನೇ ಅದಾರೆ."

ಅವನು ಇಂಜಿನ್ ಆರಿಸಿದ. ಬಾಗಿಲು ತೆಗೆದು, ಕಾಲಿನಿಂದ ಮೆಟ್ಟಿಲು ಹುಡುಕಿ ಇಳಿದ. ಹಿಂದಿನಿಂದ ಜನ, ಏನಾಯ್ತು, ಯಾಕೆ ನಿಲ್ಸಿದ್ರಿ, ಕಾಲೇಜಿಗೆ ಹೊತ್ತಾಗ್ತೈತೆ ಎಂದು ಕೂಗಾಡತೊಡಗಿದರು. ಉಚ್ಚಂಗೆಮ್ಮ ಕಿಟಕಿಯಿಂದ ನೋಡಿದರೆ, ಅವನು ಬುಕಿಂಗ್ ಆಫೀಸಿನ ಕಟ್ಟೆಯ ಮೇಲೆ ಕುಳಿತು, ಕೀಲಿಯನ್ನು ಬೋರಣ್ಣನ ಕೈಗೆ ಕೊಟ್ಟು ಏನೋ ಹೇಳುತ್ತಿದ್ದ. ಬೋರಣ್ಣ ಸೀಟಿಯನ್ನು ಬಾಯಿಂದ ತೆಗೆದು ಕೇಳುತ್ತಿದ್ದ.

ಸುದ್ದಿ ತಿಳಿದು ಸಾಹುಕಾರ ನಾಗೇಂದ್ರಪ್ಪನವರು ಲುಂಗಿಯಲ್ಲೇ ಓಡಿಬಂದರು. ಮೊದಲು ಬೈದರು, ಹುಲ್ಲಿನ ಹೊರೆಯ ಸಂಗತಿ ಕೇಳಿದ ಮೇಲೆ ತಾವೂ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಇನ್ನೊಬ್ಬ ಡ್ರೈವರನ್ನು ಮನೆಯಿಂದ ಎಬ್ಬಿಸಿ ತಂದರು. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಟಿತು. ಅಷ್ಟರಲ್ಲಿ ಉಚ್ಚಂಗೆಮ್ಮ ಇಳಿದು ಬಂದು ಗಂಡನ ಪಕ್ಕ ನಿಂತಿದ್ದಳು. ನಾಳೆ ಏನು, ನಾಡಿದ್ದು ಏನು, ಒಂದೂ ತಿಳಿಯದ ಭಯ ಹಾಗೇ ಇತ್ತು. ಬಸ್ಸಿನ ಸದ್ದು ಹೊನ್ನಾಳಿ ರಸ್ತೆಯಲ್ಲಿ ಅಡಗುವವರೆಗೂ ಬೈಲಪ್ಪ ತಲೆ ಎತ್ತಲಿಲ್ಲ.

"ಮನೆಗೆ ಹೋಗಾಣ ಬರ್ರಿ," ಎಂದು ಅವಳು ಅವನ ಎಡಗಡೆಗೆ ಬಂದು ಕೈಹಿಡಿದಳು.