ಸೊಪ್ಪಿನ ದುಡ್ಡು

ಮೂರನೆಯ ಸಲ ಗುಂಡಿ ಒತ್ತಿದಾಗಲೂ ಬಾಯ್ಲರ್ ಹೊತ್ತಿಕೊಳ್ಳಲಿಲ್ಲ. ಒಳಗೆಲ್ಲೋ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಇನ್ನೊಂದು ಸಲ ನೋಡು" ಎಂದ ಕಾನ್ರಾಡ್ ವೆಬರ್.

"ನೋಡಿ ಏನ್ ಮಾಡ್ಲಿ ಡಾಕ್ಟ್ರೇ? ನನಗಿಂತ ಎರಡು ವರ್ಷ ದೊಡ್ಡವಳು ಇವಳು. ಬೆಳಿಗ್ಗೆ ಎದ್ದೇಳೋಕೆ ನನಗೇ ಆಗಲ್ಲ." ಚಾಕೋನ್ ಕೈಯೊರೆಸಿಕೊಂಡ. ಶಾಲೆಯ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿ ಅವನಿಗೆ ಮೂವತ್ತು ವರ್ಷ. "ನಿನ್ನೆ ಫಲಿತಾಂಶ ಕೇಳಿಸ್ಕೊಂಡಿರ್ಬೇಕು. ಎದೆ ಒಡ್ಕೊಂಡ್ಲು."

ಕಾನ್ರಾಡ್ ನಗಬೇಕೆಂದುಕೊಂಡ. ಮುಖ ಒಪ್ಪಲಿಲ್ಲ.

ಹ್ಯಾಸ್ಕೆಲ್ ಊರಿನಲ್ಲಿ ಎಲ್ಲರೂ ಅವನನ್ನು ಡಾಕ್ಟ್ರೇ ಎನ್ನುತ್ತಿದ್ದರು. ಅವನ ಡಾಕ್ಟರೇಟು ಕಾವ್ಯದ ಛಂದಸ್ಸಿನ ಮೇಲೆ. ಈಗ ಅವನು ಊರಿನ ಶಾಲೆಗಳ ಮುಖ್ಯಾಧಿಕಾರಿ. ಶಾಲೆಗಳು ಎಂದರೆ ಈ ಒಂದು ಕಟ್ಟಡ, ನೂರ ತೊಂಬತ್ತು ಮಕ್ಕಳು.

ಹೊಸ ಬಾಯ್ಲರಿಗೆ, ಹೊಸ ಛಾವಣಿಗೆ ರಾಜ್ಯ ಹಣ ಕೊಡಲು ಒಪ್ಪಿತ್ತು. ಗಾಂಜಾ ಮಾರಾಟದ ತೆರಿಗೆಯಿಂದ ತುಂಬುವ ಕಟ್ಟಡ ನಿಧಿ ಅದು. ಷರತ್ತು ಒಂದೇ: ಮೂರು ಪಾಲು ನಿಧಿಯದು, ಒಂದು ಪಾಲು ಊರಿನದು. ಊರಿನ ಪಾಲಿಗೆ ಮನೆ ಜಮೀನುಗಳ ತೆರಿಗೆ ಸ್ವಲ್ಪ ಏರಿಸಬಹುದೇ ಎಂದು ಜನರನ್ನೇ ಕೇಳಬೇಕು. ನಿನ್ನೆ ಕೇಳಿದ್ದಾಯಿತು. ನಲವತ್ತೊಂದು ಮತಗಳ ಅಂತರದಿಂದ ಊರು ಬೇಡವೆಂದಿತು. ಒಂದು ಪಾಲು ಇಲ್ಲವೆಂದಮೇಲೆ ಮೂರು ಪಾಲೂ ಇಲ್ಲ. ಅನುದಾನ ಬಿಟ್ಟುಕೊಡುವ ಪತ್ರ ಇವತ್ತು ನಾಲ್ಕು ಗಂಟೆಯೊಳಗೆ ರಾಜಧಾನಿ ಡೆನ್ವರ್ ತಲುಪಬೇಕು. ಆಮೇಲೆ ಈ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ನಲವತ್ತು ಮೈಲಿ ಆಚೆಯ ಇನ್ನೊಂದಕ್ಕೆ ಸೇರಿಸುವುದಷ್ಟೇ ಉಳಿಯುತ್ತದೆ.

ಕಚೇರಿಯಲ್ಲಿ ಡೆಲ್ಫಿನಾ ಕೋಟು ತೊಟ್ಟುಕೊಂಡೇ ಟೈಪ್ ಮಾಡುತ್ತಿದ್ದಳು. ಅವನ ಕಾರ್ಯದರ್ಶಿ, ಒಂಬತ್ತು ವರ್ಷಗಳಿಂದ ಅವನ ಪರವಾಗಿ ಬೈಗುಳ ಕೇಳಿಸಿಕೊಳ್ಳುವವಳು.

"ಏಳು ಫೋನ್ ಬಂದಿತ್ತು. ಏಳೂ ಒಂದೇ ಮಾತು."

"ಏನಂತೆ?"

"ಅಷ್ಟೊಂದು ಸೊಪ್ಪಿನ ದುಡ್ಡು ಬರುತ್ತಲ್ಲ, ಒಂದು ಬಾಯ್ಲರ್ ತರೋಕಾಗಲ್ವಾ ಅಂತೆ. ಒಬ್ಬ ಅಂತೂ, ಡಾಕ್ಟ್ರು ಹೊಸ ಕಾರು ತಗೊಂಡ್ರಾ ಅಂತ ಕೇಳ್ದ."

"ನೀನೇನಂದೆ?"

"ಹಳೇದಕ್ಕೆ ಬ್ಯಾಟರಿ ತಗೊಂಡ್ರು ಅಂದೆ."

ಸೊಪ್ಪಿನ ದುಡ್ಡು. ಗಾಂಜಾ ತೆರಿಗೆಗೆ ಊರಿನ ಬಾಯಲ್ಲಿ ಈಗ ಅದೇ ಹೆಸರು. ಎರಡು ತಿಂಗಳಿಂದ ಕಾನ್ರಾಡ್ ಹನ್ನೊಂದು ಸಭೆ ನಡೆಸಿದ್ದ. ಆ ಹಣ ಗೋಡೆ ಛಾವಣಿಗಳಿಗೆ ಮಾತ್ರ. ಸಂಬಳಕ್ಕಲ್ಲ, ಪುಸ್ತಕಕ್ಕಲ್ಲ, ಬಸ್ಸಿನ ಡೀಸೆಲ್ಲಿಗಲ್ಲ. ಗೋಡೆಗೂ ಕೇಳಿದವರಿಗೆಲ್ಲ ಇಲ್ಲ, ತಮ್ಮ ಪಾಲು ತಂದವರಿಗೆ ಮಾತ್ರ. ಜನ ತಲೆಯಾಡಿಸುತ್ತ ಬಿಸ್ಕತ್ತು ತಿಂದರು. ಕೊನೆಗೆ ಯಾರಾದರೂ ಎದ್ದುನಿಂತು, "ಅದೆಲ್ಲ ಸರಿ ಡಾಕ್ಟ್ರೇ, ಆ ದುಡ್ಡು ಎಲ್ಲಿ ಹೋಗುತ್ತೆ ಹೇಳಿ?" ಎನ್ನುತ್ತಿದ್ದರು. ಅವನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ತನ್ನ ದನಿ ಯಾವುದೋ ಸುಳ್ಳುಗಾರನ ದನಿಯಂತೆ ಅವನಿಗೇ ಕೇಳತೊಡಗುತ್ತಿತ್ತು.

ಡೆನ್ವರಿನ ನಿಧಿ ಕಚೇರಿಗೆ ಫೋನು ಮಾಡಿದ.

"ಗಡುವು ಸ್ವಲ್ಪ ಮುಂದೆ ಹಾಕೋಕಾಗುತ್ತಾ?"

"ನಿಮ್ಮ ಹಿಂದೆ ಮೂವತ್ತು ಶಾಲೆ ಕಾಯ್ತಿವೆ ಸಾರ್" ಎಂದಳು ಆ ಕಡೆಯ ಹೆಂಗಸು. ಒಳ್ಳೆಯ ದನಿ.

"ಇಲ್ಲಿ ತುಂಬಾ ಚಳಿ."

"ಅವರಿಗೂ ಚಳೀನೇ ಸಾರ್."

ಹನ್ನೊಂದರ ಹೊತ್ತಿಗೆ ತರಗತಿಗಳಲ್ಲಿ ಮಕ್ಕಳ ಉಸಿರು ಹೊಗೆಯಾಗಿ ಕಾಣತೊಡಗಿತು. ಹನ್ನೆರಡಕ್ಕೆ ಶಾಲೆ ಬಿಡಲು ಕಾನ್ರಾಡ್ ಹೇಳಿದ.

"ಬಸ್ಸಿನ ಮಕ್ಕಳು?" ಡೆಲ್ಫಿನಾ ಕೇಳಿದಳು. "ಡ್ರೈವರ್ ಬರೋದು ಮೂರೂವರೆಗೆ. ಮಧ್ಯಾಹ್ನ ಅವನಿಗೆ ಬೇರೆ ಕಡೆ ಕೆಲಸ."

"ಚರ್ಚಿನ ಹಾಲ್?"

"ಶವಸಂಸ್ಕಾರದ ಊಟ ಇದೆ ಅಲ್ಲಿ. ಚಿಕ್ಕವರನ್ನ ಇಲ್ಲೇ ಹೀಟರ್ ಮುಂದೆ ಕೂರಿಸ್ಕೋತೀನಿ. ದೊಡ್ಡವರು?"

"ದೊಡ್ಡವರು ಹೇಗೋ ನೋಡ್ಕೋತಾರೆ."

ಪತ್ರಕ್ಕೆ ಸಹಿ ಹಾಕಿ ಅವಳ ಮೇಜಿನ ಮೇಲಿಟ್ಟ. ನಾನು ಹೇಳುವವರೆಗೆ ಕಳಿಸಬೇಡ ಎಂದು ಹೇಳಿ ಹೊರಗೆ ಬಂದ. ಯಾಕೆ ಹಾಗೆ ಹೇಳಿದೆನೆಂದು ಅವನಿಗೆ ತಿಳಿಯಲಿಲ್ಲ. ಹೌದು ಎಂದು ಮತ ಹಾಕಿದ ಒಂದು ಮುಖವನ್ನಾದರೂ ನೋಡಬೇಕೆನ್ನಿಸಿತು. ಹಾಗಾಗಿ ಲಿಡಿಯಾ ಕಾಫ್‌ಮನ್ ಮನೆಯ ಮುಂದೆ ಕಾರು ನಿಲ್ಲಿಸಿದ. ಆಕೆ ಮೂರನೆಯ ತರಗತಿಯಲ್ಲಿ ಅವನಿಗೆ ಕಲಿಸಿದವರು. ಭಾನುವಾರಗಳಂದು ಚರ್ಚಿನಲ್ಲಿ ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದವರು. ವಯಸ್ಸು ಎಂಬತ್ತನಾಲ್ಕು.

"ಬಾರೋ ಕಾನಿ. ಕಾಲು ಒರೆಸ್ಕೊ."

ಎಲೆಕೋಸು, ಮಾಂಸ ತುಂಬಿದ ಬನ್ನು ಒಲೆಯಿಂದ ಇಳಿದಿತ್ತು. ಆಕೆ ಒಂದನ್ನು ತಟ್ಟೆಗೆ ಹಾಕಿ ಅವನ ಮುಂದೆ ತಳ್ಳಿದರು.

"ತಿನ್ನು. ಸೋತವರಿಗೂ ಹೊಟ್ಟೆ ಇರುತ್ತೆ."

"ನಲವತ್ತೊಂದು ಮತ, ಟೀಚರ್. ಅಷ್ಟೇ."

"ಗೊತ್ತು. ಅದರಲ್ಲಿ ಒಂದು ನಂದು."

ಆಕೆಗೆ ಕಿವಿ ಮಂದವಾಗಿದೆಯೆಂದು ಅವನು ಅಂದುಕೊಂಡ. "ಬೇಡ ಅಂದವರ ಲೆಕ್ಕ ಹೇಳ್ತಿದೀನಿ."

"ನಾನೂ ಅದನ್ನೇ ಹೇಳ್ತಿರೋದು."

"ನಲವತ್ತು ವರ್ಷ ಆ ಕಟ್ಟಡದಲ್ಲಿ ಪಾಠ ಮಾಡಿದೀರಿ!"

"ಕೂಗ್ಬೇಡ. ಹದಿಮೂರು ವರ್ಷದ ಹಿಂದೆ ಗಾಂಜಾ ಕಾನೂನಿಗೆ ಮತ ಕೇಳ್ಕೊಂಡು ನೀನು ಇದೇ ಬಾಗಿಲಿಗೆ ಬಂದಿದ್ದೆ. ಏನಂದೆ ಒಪ್ಪಿಸು ನೋಡೋಣ."

ಅವನಿಗೆ ನೆನಪಿತ್ತು. ತಟ್ಟೆಯ ಕಡೆ ತಲೆ ತಗ್ಗಿಸಿದ.

"ಮೂರನೇ ಕ್ಲಾಸಲ್ಲೂ ಹೀಗೇ ನಿಲ್ತಿದ್ದೆ. ನಾನೇ ಹೇಳ್ತೀನಿ ಕೇಳು. 'ಟೀಚರ್, ಅದು ಮಾರೋಕೆ ಬಿಟ್ರೆ, ಶಾಲೆಗೋಸ್ಕರ ದುಡ್ಡು ಕೇಳ್ಕೊಂಡು ಇನ್ಯಾವತ್ತೂ ನಿಮ್ಮ ಬಾಗಿಲಿಗೆ ಬರಲ್ಲ.' ಒಂದಕ್ಷರ ತಪ್ಪಿದ್ರೆ ಹೇಳು."

ತಪ್ಪಿರಲಿಲ್ಲ.

"ನನ್ನ ತಮ್ಮ ಅದನ್ನ ಸೇದೀ ಸೇದೀ ಹಾಳಾದ. ನಿನಗೆ ಗೊತ್ತಿತ್ತು. ಮೂರು ದಿನ ಪ್ರಾರ್ಥನೆ ಮಾಡ್ದೆ ನಾನು. ಉತ್ತರ ಬರಲಿಲ್ಲ. ಮಕ್ಕಳಿಗಲ್ವಾ ಅಂತ ಹೌದು ಅಂತ ಹಾಕ್ದೆ. ಯಜಮಾನರಿಗೂ ಹೇಳ್ಲಿಲ್ಲ. ಅವರು ಹೋಗೇಬಿಟ್ರು, ಹೇಳ್ಲೇ ಇಲ್ಲ."

"ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ ಟೀಚರ್. ನಿಯಮ ಆಮೇಲೆ..."

"ಗೊತ್ತಿಲ್ಲದೇ ಇದ್ದಿದ್ದನ್ನ ಯಾಕಪ್ಪಾ ಅಷ್ಟು ಚೆನ್ನಾಗಿ ಹೇಳ್ದೆ?"

ಅವನು ಬನ್ನನ್ನು ಎರಡಾಗಿ ಮುರಿದ. ಆವಿ ಎದ್ದಿತು.

"ಮಕ್ಕಳು ಚಳೀಲಿದಾರೆ" ಎಂದ.

"ಅದನ್ನ ದೇವರು ನನ್ನ ಕೇಳ್ತಾನೆ. ನಾನು ಉತ್ತರ ಹುಡುಕ್ತಾ ಇದೀನಿ." ಆಕೆ ತಟ್ಟೆಯನ್ನು ಅವನ ಹತ್ತಿರಕ್ಕೆ ಇನ್ನಷ್ಟು ತಳ್ಳಿದರು. "ಒಂದು ಪಾಪಕ್ಕೆ ಎರಡು ಸಲ ತೆರಿಗೆ ಕಟ್ಟಲ್ಲ ಕಣೋ. ಅಷ್ಟೇ. ಅದನ್ನ ತಿಂದು ಮುಗಿಸು."

ಕಾರಿನಲ್ಲಿ ಕುಳಿತು ಆಕೆ ಕಲಿಸಿದ ಕೀರ್ತನೆಯೊಂದನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಏರಿಳಿತ ಬಂತು, ನಿಲ್ಲುವ ಜಾಗ ಬಂತು, ಮತ್ತೆ ಏರುವ ಜಾಗ ಬಂತು. ಮಾತುಗಳು ಬರಲಿಲ್ಲ. ಬೆರಳು ಸ್ಟಿಯರಿಂಗಿನ ಮೇಲೆ ಖಾಲಿ ಲಯವನ್ನು ತಟ್ಟುತ್ತಿತ್ತು. ಇದರ ಮೇಲೆಯೇ ತಾನು ನಾನೂರು ಪುಟ ಬರೆದಿದ್ದೆ ಎಂದುಕೊಂಡ.

ಡೆಲ್ಫಿನಾ ಫೋನು ಮಾಡಿದಳು. "ಪತ್ರ ಕಳಿಸ್ಲಾ?"

"ಕಳಿಸು."

"ಇನ್ನೂ ಎರಡು ಗಂಟೆ ಟೈಮಿದೆ."

"ಎರಡು ಗಂಟೇಲಿ ಏನಾಗುತ್ತೆ?"

"ಏನೂ ಆಗಲ್ಲ. ಸುಮ್ನೆ ಹೇಳ್ದೆ."

ಶಾಲೆಗೆ ಹೋಗುವ ಮನಸ್ಸಾಗಲಿಲ್ಲ. ಹೆದ್ದಾರಿಯ ಕಡೆ ತಿರುಗಿದ. ಅಲ್ಲಿ, ಹಳೆಯ ಸಕ್ಕರೆ ಕಾರ್ಖಾನೆಯ ಜಾಗದಲ್ಲಿ ಗಾಂಜಾ ಬೆಳೆಯುವ ಉದ್ದನೆಯ ಕಟ್ಟಡ. ಶಾಲೆಯಿಂದ ಸಾವಿರ ಅಡಿ ದೂರವಿರಬೇಕೆಂಬ ನಿಯಮಕ್ಕೆ ತಪ್ಪದೆ, ಅಳತೆ ಮಾಡಿಸಿ, ಸಾವಿರದ ನಲವತ್ತನೆಯ ಅಡಿಯಲ್ಲಿ ಕಟ್ಟಿದ್ದರು. ಕಿಟಕಿಗಳಿಲ್ಲ. ರಸ್ತೆಯ ಕಡೆಯ ಗೋಡೆಯಲ್ಲಿ ಸಾಲಾಗಿ ದೊಡ್ಡ ಫ್ಯಾನುಗಳು ಒಳಗಿನ ಬಿಸಿಗಾಳಿಯನ್ನು ಹೊರಗೆ ಚೆಲ್ಲುತ್ತಿದ್ದವು.

ಆ ಗೋಡೆಗೆ ಬೆನ್ನಾನಿಸಿ ಅವನ ಶಾಲೆಯ ಮಕ್ಕಳು ನಿಂತಿದ್ದರು. ದೊಡ್ಡವರು. ಇಪ್ಪತ್ತು ಮಂದಿ ಇರಬಹುದು. ಒಂದೊಂದು ಫ್ಯಾನಿನ ಕೆಳಗೆ ಇಬ್ಬಿಬ್ಬರು. ಕೈಗವಸು ಕಳಚಿ, ಕಣ್ಣು ಮುಚ್ಚಿದ್ದರು. ಕೀಟಲೆಯಿಲ್ಲ, ಮಾತಿಲ್ಲ. ಶಾಲೆಯ ಯಾವ ಸಭೆಯಲ್ಲೂ ಅವನು ಕಂಡಿರದ ಶಿಸ್ತು.

ಅವನು ಇಳಿದು ಹೋದ. ಹಸಿ ಘಾಟು ಮೂಗಿಗೆ ಅಡರಿತು.

"ಇಲ್ಲೆಲ್ಲ ನಿಲ್ಲಬಾರದು ನೀವು."

ಹನ್ನೊಂದನೆಯ ತರಗತಿಯ ಮರಿಸೆಲಾ ಒಂದು ಕಣ್ಣು ತೆರೆದಳು. "ಒಳಗೆ ಹೋಗಿಲ್ವಲ್ಲ ಡಾಕ್ಟ್ರೇ. ರಸ್ತೆ ಎಲ್ಲರದ್ದು." ಅವನನ್ನು ಒಮ್ಮೆ ನೋಡಿ ಪಕ್ಕಕ್ಕೆ ಸರಿದಳು. "ನಡುಗ್ತಿದೀರಿ ನೀವು. ಬನ್ನಿ, ಇದರಲ್ಲಿ ಚೆನ್ನಾಗಿ ಬರುತ್ತೆ."

ಹೇಳಬೇಕಾದ್ದು ಏನೋ ಇತ್ತು. ಅದು ಬರುವವರೆಗೆ ಎಂದು ಅವನು ಅವಳ ಪಕ್ಕ ನಿಂತ.

ಬೆನ್ನಿಗೆ ತಗಡಿನ ಗೋಡೆ ಅದುರುತ್ತಿತ್ತು. ಅದರಾಚೆ ಏನಿದೆಯೆಂದು ಅವನಿಗೆ ಗೊತ್ತಿತ್ತು. ಉದ್ಘಾಟನೆಯ ದಿನ ನೋಡಿದ್ದ. ಒಂದಕ್ಕೊಂದು ತಾಗದಂತೆ ಸಾಲುಸಾಲಾಗಿ ಗಿಡಗಳು, ತಲೆಯ ಮೇಲೆ ದೀಪ, ಕಾನೂನಿನಂತೆ ಒಂದೊಂದರ ಕೊರಳಿಗೂ ಸಂಖ್ಯೆಯ ಪಟ್ಟಿ. ಫ್ಯಾನುಗಳ ಸದ್ದಿನ ನಡುವೆ ಒಳಗಿನಿಂದ ಒಬ್ಬ ಆ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಿದ್ದುದು ಕೇಳಿಸಿತು. ನಿಧಾನವಾಗಿ, ಒಂದನ್ನೂ ಬಿಡದೆ, ಪ್ರತಿಯೊಂದರ ಮುಂದೆಯೂ ಅರೆಕ್ಷಣ ನಿಂತು, ಹಾಜರಿ ಕರೆಯುತ್ತಿದ್ದ.

ಹೊರಗೆ ಯಾರೂ ಕಣ್ಣು ತೆರೆಯಲಿಲ್ಲ.