ಅವನ ಎಂಟು ಗಂಟೆ

ಚಾಕುವಿನ ತುದಿಯನ್ನು ಬಾಗಿಲ ಚಿಲಕದ ಸ್ಕ್ರೂವಿನ ಗೀರಿಗಿಟ್ಟು ತಿರುಗಿಸುತ್ತೇನೆ, ಸದ್ದಿಲ್ಲದೆ, ಒಂದು ಕೂತಿತು, ಎರಡನೆಯದೂ ಕೂತಿತು, ಮೂರನೆಯದು ಮಾತ್ರ ಸುಮ್ಮನೆ ಸುತ್ತುತ್ತಿದೆ, ಮರವನ್ನು ಹಿಡಿಯುತ್ತಿಲ್ಲ — ಭಾವ ಒದ್ದ ಜಾಗ ಅದು, ಹೋದ ಸಲ ಬಂದಾಗ, ಅಕ್ಕ ಈ ಕೋಣೆಯೊಳಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಮೂರನೇ ಒದೆತಕ್ಕೆ ಚಿಲಕ ಕಿತ್ತು ಹಾರಿ ನನ್ನ ಕಾಲ ಬಳಿ ಬಿತ್ತು, ಆಮೇಲೆ ಅಕ್ಕನ ತಲೆ ಗೋಡೆಗೆ ಬಡಿದ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತೆ, ಒಂದಲ್ಲ, ನಾಲ್ಕು, ನಾನು ಎಣಿಸಿದೆ, ಎಣಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಏನೇ ಮೂಗಿ, ನೋಡ್ತಾ ನಿಂತಿದೀಯಲ್ಲ, ನಿಂಗೂ ಬೇಕಾ ಎಂದ, ಅಕ್ಕನ ಕೂದಲು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು, ನಾನು ತಲೆ ತಗ್ಗಿಸಿದೆ. ಈ ಸಲ ಹಾಗಾಗುವುದಿಲ್ಲ, ಮೂರಕ್ಕೆ ಕಾರು ಬರುತ್ತದೆ, ಚಿಕ್ಕಮ್ಮನ ಹೊಸ ಮನೆ ಭಾವನಿಗೆ ಗೊತ್ತಿಲ್ಲ, ಚೀಲ ಎರಡೂ ತುಂಬಿ ಇಟ್ಟಾಗಿದೆ. ಇವತ್ತು ಅವನು ಬಂದು ಸೇರುವ ಹೊತ್ತಿನ ಲೆಕ್ಕ ಹಾಕಿದವಳು ನಾನೇ, ಏಳು ಸಾವಿರದ ಇನ್ನೂರು ಕಿಲೋಮೀಟರ್, ಒಂಬತ್ತು ಗಂಟೆ ಹಾರಾಟ, ಎರಡು ಊರಿನ ಹೆಸರು ಒತ್ತಿದರೆ ಫೋನೇ ಹೇಳುತ್ತದೆ, ಬೆಳಿಗ್ಗೆ ಎಂಟಕ್ಕೆ ವಿಮಾನ ಹತ್ತುತ್ತೀನಿ ಎಂದಿದ್ದ ಭಾವ, ಎಂಟಕ್ಕೆ ಒಂಬತ್ತು ಕೂಡಿದರೆ ಸಂಜೆ ಐದು, ರಸ್ತೆಗೊಂದು ಗಂಟೆ, ಆರು. ಪರವಾಗಿಲ್ಲ ಕಣೇ, ಏಳನೇ ಕ್ಲಾಸಿಗೆ ಬಿಟ್ಟೋಳು ವಿಮಾನಾನೇ ಓಡಿಸೋ ಹಾಗಿದೀಯ ಎಂದು ಅಕ್ಕ ನಕ್ಕಳು, ತುಟಿಯ ಹೊಲಿಗೆಯ ಕಲೆ ಎಳೆದು ನಗು ಒಂದೇ ಕಡೆಗೆ ಹೋಯಿತು. ಇನ್ನೂ ಟೈಮಿದೆಯಲ್ಲ, ತಲೆಗೆ ನೀರು ಹಾಕ್ಕೊಂಡು ಬಂದೆ, ಮನೆ ಬಿಟ್ಟು ಹೋಗೋರಿಗೆ ಚಿಲಕ ಯಾಕೆ, ಬಿಡು ಅದನ್ನ ಎಂದು ಬಚ್ಚಲಿಗೆ ಹೋದಳು, ನಲ್ಲಿ ಸುರಿಯುತ್ತಿದೆ, ನನ್ನ ಕೈ ಸುಮ್ಮನಿರಲೊಲ್ಲದು, ಈ ಚಾಕು ಅವನ ಕುತ್ತಿಗೆಗೂ ಇಳಿಯುತ್ತದೆ, ಕಿವಿಯ ಕೆಳಗೆ, ನರ ಎಲ್ಲಿ ಮಿಡಿಯುತ್ತದೆಂದು ಊಟ ಬಡಿಸುವಾಗೆಲ್ಲ ನೋಡಿಟ್ಟಿದ್ದೇನೆ, ಅವನೂ ಒಮ್ಮೆ ಒದ್ದೆ ಬಟ್ಟೆಯಂತೆ ಬೀಳಲಿ — ಗಡಿಯಾರದಲ್ಲಿ ಎರಡೂವರೆ, ಮೇಜಿನ ಮೇಲೆ ಬಿಸಿಲು. ಮೊನ್ನೆ ಅವನು ಫೋನಿನಲ್ಲಿ ಮುಖ ತೋರಿಸಿ ಮಾತಾಡಿದಾಗಲೂ ಇಲ್ಲಿ ಬಿಸಿಲಿತ್ತು, ಐದೂವರೆಯ ಬಿಸಿಲು, ಅವನ ಬೆನ್ನ ಹಿಂದಿನ ಕಿಟಕಿ ಮಾತ್ರ ಕಪ್ಪಗಿತ್ತು, ಒಂಬತ್ತಾಯ್ತು, ಮಲಗ್ತೀನಿ ಎಂದಿದ್ದ, ಕುಡಿದು ತಪ್ಪು ಹೇಳುತ್ತಿದ್ದಾನೆ ಅಂದುಕೊಂಡೆ, ನೋಡಿದ್ದೆ, ನೋಡಿಯೂ ಕೂಡಲಿಲ್ಲ, ಕಳೆಯಲಿಲ್ಲ — ಅವನ ಎಂಟು ನಮ್ಮ ಎಂಟಲ್ಲ, ಅಲ್ಲಿನ ಗಡಿಯಾರ ಮೂರೂವರೆ ಗಂಟೆ ಮುಂದೆ, ಅವನು ವಿಮಾನ ಹತ್ತಿದಾಗ ನಮಗಿನ್ನೂ ನಾಲ್ಕೂವರೆ, ನಾನು ಎದ್ದೇ ಇರಲಿಲ್ಲ, ನಾಲ್ಕೂವರೆಗೆ ಒಂಬತ್ತು ಸೇರಿದರೆ ಒಂದೂವರೆ, ರಸ್ತೆಗೊಂದು — ಲಿಫ್ಟ್ ನಿಂತಿತು, ಸೂಟ್‌ಕೇಸಿನ ಚಕ್ರ ಹೊರಗಿನ ನೆಲದ ಮೇಲೆ ಟಕ್ ಟಕ್ ಎಂದು ಒಂದೊಂದೇ ಕಲ್ಲು ದಾಟಿ ಬರುತ್ತಿದೆ, ಬೀಗದೊಳಗೆ ಕೀಲಿ, ಮೂರನೇ ಸ್ಕ್ರೂ ಸುತ್ತುತ್ತಿದೆ, ಹಿಡಿಯುತ್ತಿಲ್ಲ, ಸುತ್ತುತ್ತಿದೆ, ಅಕ್ಕಾ, ನಲ್ಲಿ ನಿಲ್ಲಿಸು, ಸುತ್ತುತ್ತಿದೆ, ಹಿಡಿಯುತ್ತಿಲ್ಲ, ಅಕ್ಕಾ, ನಲ್ಲಿ ನಿಲ್ಲಿಸು.